ಮೂಲವ್ಯಾಧಿಯೂ ನಮ್ಮ ನಾಚಿಕೆಯೂ

ಈ ಲೇಖನದ ಶಿರೋನಾಮೆಯನ್ನು ಕಂಡು ಕೆಲವು ಸಹಪಾಠಿಗಳು ಮುಗುಳ್ನಗಬಹುದು, ಅಧ್ಯಾಪಕರು ಹುಬ್ಬೇರಿಸಬಹುದು. ವಾರ್ಷಿಕ ಸಂಚಿಕೆಗೆ ಬರೆಯಲು ಬೇರೆ ವಿಷಯವೇ ಸಿಕ್ಕಲಿಲ್ಲವೇ ಎಂದು ಕೇಳಲೂಬಹುದು. ತಲೆನೋವು ಹಲ್ಲುನೋವುಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಮರುಕ ಪಡೆಯುವ ನಾವು ಮೂಲವ್ಯಾಧಿಯ ಹೆಸರೆತ್ತಲು ಮಾತ್ರ ನಾಚುತ್ತೇವೆ. ಈ ನಾಚಿಕೆಗೆ ತೆರಬೇಕಾದ ಬೆಲೆಯನ್ನು ನಮ್ಮ ಮನೆಯಲ್ಲಿಯೇ ಕಂಡ ಮೇಲೆ ಸುಮ್ಮನಿರುವುದು ಸರಿಯಲ್ಲವೆನಿಸಿತು. ನಾನು ಕಲಾ ವಿಭಾಗದ ವಿದ್ಯಾರ್ಥಿ, ವೈದ್ಯನಲ್ಲ. ವೈದ್ಯರಿಂದ ಕೇಳಿ, ಪುಸ್ತಕಗಳಿಂದ ಓದಿ ತಿಳಿದುದನ್ನು ನನ್ನ ಅಳವಿಗೆ ತಕ್ಕಂತೆ ಇಲ್ಲಿ ಹೇಳಲು ಯತ್ನಿಸಿದ್ದೇನೆ.

ನನ್ನ ಊರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಎರಡು ವರ್ಷಗಳ ಹಿಂದಿನ ಸುಗ್ಗಿಯ ಕಾಲ. ರಾಗಿ ಹುಲ್ಲಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ನಡೆಯುವುದರೊಳಗೆ ನಮ್ಮ ದೊಡ್ಡಪ್ಪ ಏದುಸಿರು ಬಿಡುತ್ತ ಕುಳಿತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಏನೆಂದು ಕೇಳಿದರೆ, “ಏನೂ ಇಲ್ಲ ಕಣ್ಲಾ ಮಗ, ಒಸಿ ಉಷ್ಣ ಆಗದೆ. ಎಳನೀರು ಕುಡುದ್ರೆ ಸರೋಯ್ತದೆ” ಎಂದರು. ಪಂಚೆ ಒಗೆಯುವಾಗ ದೊಡ್ಡವ್ವ ರಕ್ತದ ಕಲೆ ಕಂಡು ಗದರಿಸಿ ಕೇಳಿದ ಮೇಲೆಯೇ ನಿಜ ಹೊರಬಿದ್ದದ್ದು. ಒಂದೂವರೆ ವರ್ಷದಿಂದ ರಕ್ತ ಹೋಗುತ್ತಿತ್ತು. ಮನೆಯವರಿಗೆ ತಿಳಿಯದಂತೆ, ಬಸ್ ನಿಲ್ದಾಣದ ಗೋಡೆಯ ಮೇಲಿನ “ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ” ಎಂಬ ಭಿತ್ತಿಪತ್ರವನ್ನು ನಂಬಿ, ಪಟ್ಟಣವೊಂದರ ಒಂದು ಕೋಣೆಯಲ್ಲಿ ಯಾವುದೋ ಸುಡುವ ಔಷಧಿ ಹಾಕಿಸಿಕೊಂಡೂ ಬಂದಿದ್ದರು. ಇಪ್ಪತ್ತು ದಿನ ನೆಟ್ಟಗೆ ಕೂರಲಾಗಲಿಲ್ಲ. ಹಣ ಹೋಯಿತು, ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ.

ನಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇವೆ. ದೊಡ್ಡಪ್ಪ ಕೆಟ್ಟದ್ದು ಆಸ್ಪತ್ರೆಯಿಲ್ಲದೆ ಅಲ್ಲ, ಬಾಯಿ ಬಿಡದೆ.

ಇನ್ನು ಈ ವ್ಯಾಧಿ ಎಂದರೇನೆಂಬುದನ್ನು ನೋಡೋಣ. ಮೊಳೆರೋಗ, ಪೈಲ್ಸ್ ಎಂದೂ ಕರೆಯುವ ಇದನ್ನು ದೇಹದಲ್ಲಿ ಹೊಸದಾಗಿ ಹುಟ್ಟುವ ಗಂಟೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ನಮ್ಮೆಲ್ಲರ ಗುದನಾಳದ ಒಳಗೋಡೆಯಲ್ಲಿ ಹುಟ್ಟಿನಿಂದಲೇ ಸಾಮಾನ್ಯವಾಗಿ ಮೂರು ಮೆತ್ತೆಗಳಿರುತ್ತವೆ. ಸಣ್ಣ ರಕ್ತನಾಳಗಳು, ಸ್ನಾಯುವಿನ ಎಳೆಗಳು, ಅವನ್ನು ಹಿಡಿದಿಡುವ ಅಂಗಾಂಶ ಇವುಗಳಿಂದ ಅವು ರಚಿತವಾಗಿವೆ. ಕೊಳಾಯಿಯ ವಾಷರಿನಂತೆ, ಬಾಗಿಲು ಬಿಗಿಯಾಗಿ ಮುಚ್ಚಲು ನೆರವಾಗುವುದೇ ಅವುಗಳ ಕೆಲಸ. ಮಲಬದ್ಧತೆಯಿಂದ ವರ್ಷಗಟ್ಟಲೆ ತಿಣುಕಿದಾಗ, ಗರ್ಭಿಣಿಯರಲ್ಲಿ ಒತ್ತಡ ಹೆಚ್ಚಿದಾಗ, ವಯಸ್ಸಾದಂತೆ ಹಿಡಿತ ಸಡಿಲಗೊಂಡಾಗ ಈ ಮೆತ್ತೆಗಳು ಉಬ್ಬಿ ಕೆಳಕ್ಕೆ ಜಾರುತ್ತವೆ. ಹೀಗೆ ಜಾರುವುದೇ ರೋಗದ ಮೂಲವೆಂಬುದನ್ನು ಥಾಮ್ಸನ್ ಎಂಬ ಆಂಗ್ಲ ಶಸ್ತ್ರವೈದ್ಯರು 1975ರಲ್ಲಿ ವಿವರಿಸಿದರು.

ಗುದನಾಳದ ನಡುವೆ ಒಂದು ಗೆರೆಯಿದೆ. ಅದರ ಮೇಲಿನ ಭಾಗಕ್ಕೆ ಚುಚ್ಚಿದರೆ ಕೊಯ್ದರೆ ತಿಳಿಯುವ ನರಗಳಿಲ್ಲ. ಕೆಳಗಿನ ಭಾಗಕ್ಕೆ ಚರ್ಮದಂತೆಯೇ ನೋವು ತಿಳಿಯುತ್ತದೆ. ಆದುದರಿಂದಲೇ ಒಳಮೂಲವ್ಯಾಧಿಯಲ್ಲಿ ನೋವಿಲ್ಲದೆ ಅಚ್ಚ ಕೆಂಪು ರಕ್ತ ಬೀಳುತ್ತದೆ. ಹೊರಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣ ಹಿಂಡುವಂಥ ನೋವಾಗುತ್ತದೆ. ನೋವಿಲ್ಲವೆಂಬ ಒಂದೇ ಕಾರಣಕ್ಕೆ ಜನ ಮೊದಲನೆಯದನ್ನು ಅಲಕ್ಷಿಸುತ್ತಾರೆ.

ವೈದ್ಯರು ಒಳಮೂಲವ್ಯಾಧಿಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ರಕ್ತ ಮಾತ್ರ ಬೀಳುತ್ತದೆ. ಎರಡನೆಯದರಲ್ಲಿ ಮೊಳೆ ತಿಣುಕಿದಾಗ ಹೊರಬಂದು ತಾನೇ ಒಳಹೋಗುತ್ತದೆ. ಮೂರನೆಯದರಲ್ಲಿ ಕೈಯಿಂದ ಒಳತಳ್ಳಬೇಕಾಗುತ್ತದೆ. ನಾಲ್ಕನೆಯದರಲ್ಲಿ ಅದು ಹೊರಗೇ ನಿಲ್ಲುತ್ತದೆ. ಯಾವ ಚಿಕಿತ್ಸೆ ಎಂಬುದು ಬಹುಮಟ್ಟಿಗೆ ಈ ಹಂತವನ್ನು ಅವಲಂಬಿಸಿದೆ.

ಮೊದಲ ಚಿಕಿತ್ಸೆ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಮಲವು ಮೃದುವಾದರೆ ತಿಣುಕುವ ಅಗತ್ಯವಿಲ್ಲ. ಮೃದುವಾಗಲು ನಾರೂ ನೀರೂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ; ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ 3 ಗ್ರಾಮಿಗಿಂತಲೂ ಕಡಿಮೆ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಕಾಳುಗಳನ್ನು ಬಡವರ ಊಟವೆಂದು ಹೀಗಳೆದು, ಹಾಸ್ಟೆಲಿಗೆ ಬಂದೊಡನೆ ಮೂರು ಹೊತ್ತೂ ಅನ್ನ, ಪರೋಟ, ಬೇಕರಿ ತಿಂಡಿಗಳಿಗೆ ಅಂಟಿಕೊಳ್ಳುವ ಮಿತ್ರರು ಇದನ್ನು ಗಮನಿಸಬೇಕು. ಮೊಬೈಲನ್ನು ಹಿಡಿದು ಅರ್ಧ ಗಂಟೆ ಶೌಚಾಲಯದಲ್ಲಿ ಕೂರುವ ಅಭ್ಯಾಸವನ್ನೂ ಬಿಡಬೇಕು. ಊತ ನೋವುಗಳಿದ್ದಾಗ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹತ್ತು ಹದಿನೈದು ನಿಮಿಷ ಕುಳಿತರೆ ಹಿತವಾಗುತ್ತದೆ.

ಇಷ್ಟಕ್ಕೆ ಬಗ್ಗದಿದ್ದರೆ ಆಸ್ಪತ್ರೆಯ ಸಣ್ಣ ಉಪಾಯಗಳಿವೆ. ಎಣ್ಣೆಯಲ್ಲಿ ಬೆರೆಸಿದ ಫೀನಾಲನ್ನು ಅಳತೆಯಂತೆ ಚುಚ್ಚಿ ಮೆತ್ತೆಯನ್ನು ಕುಗ್ಗಿಸುವುದೊಂದು. ಅಮೆರಿಕದ ಬ್ಯಾರನ್ 1963ರಲ್ಲಿ ಪ್ರಚಾರಕ್ಕೆ ತಂದ ರಬ್ಬರ್ ಉಂಗುರದ ವಿಧಾನ ಮತ್ತೊಂದು. ನೋವು ತಿಳಿಯುವ ಗೆರೆಯ ಮೇಲ್ಗಡೆ, ಮೊಳೆಯ ಬುಡಕ್ಕೆ ಪುಟ್ಟ ಉಂಗುರವನ್ನು ತೊಡಿಸುತ್ತಾರೆ. ರಕ್ತಸಂಚಾರ ನಿಂತು ಕೆಲವು ದಿನಗಳಲ್ಲಿ ಅದು ಒಣಗಿ ಉದುರುತ್ತದೆ. ಅರಿವಳಿಕೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ರೋಗಿ ಅಂದೇ ಮನೆಗೆ ಮರಳಬಹುದು. ಹೆಚ್ಚು ಬೆಳೆದ ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆಯೇ ಗತಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಕೆಲವು ವಾರ ನೋವುಂಟಾದರೂ ರೋಗ ಮರುಕಳಿಸುವುದು ಕಡಿಮೆ. 1998ರಲ್ಲಿ ಇಟಲಿಯ ಲಾಂಗೋ ತಂದ ಸ್ಟೇಪ್ಲರ್ ವಿಧಾನದಲ್ಲಿ ನೋವು ಕಡಿಮೆಯಾದರೂ ಮರುಕಳಿಸುವ ಸಂಭವ ಹೆಚ್ಚು.

ಹಾಗೆಂದು ಇದೆಲ್ಲ ಪಾಶ್ಚಾತ್ಯರ ವಿದ್ಯೆಯೇ ಎಂದಲ್ಲ. ಸುಶ್ರುತನು ‘ಅರ್ಶಸ್ಸಿಗೆ’ ಔಷಧಿ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾನೆ. ಚರಕ ಸಂಹಿತೆಯು ಮಜ್ಜಿಗೆಯನ್ನು ಹೊಗಳಿದೆ. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳನ್ನು ಲೇಪಿಸಿದ ಕ್ಷಾರಸೂತ್ರವೆಂಬ ದಾರದ ಚಿಕಿತ್ಸೆ ಆಯುರ್ವೇದ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಆದರೆ ಕ್ಷಾರವನ್ನು ಅರಿತವನು ಹಾಕುವುದು ಬೇರೆ, ಗೋಡೆಯ ಮೇಲಿನ ಭಿತ್ತಿಪತ್ರದ ವೈದ್ಯ ಹಾಕುವುದು ಬೇರೆ. ಅಳತೆ ತಪ್ಪಿದರೆ ಹುಣ್ಣಾಗಿ ದಾರಿಯೇ ಕಿರಿದಾದೀತು. ಯಾವ ಪದ್ಧತಿಯೇ ಆಗಲಿ, ಓದಿ ಪದವಿ ಪಡೆದವರಲ್ಲಿಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ರಕ್ತ ಬಿದ್ದದ್ದೆಲ್ಲ ಮೂಲವ್ಯಾಧಿಯಲ್ಲ. ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಹೋಗುತ್ತದೆ. ಮಲವಿಸರ್ಜನೆಯ ಅಭ್ಯಾಸ ಬದಲಾಗುವುದು, ತೂಕ ಇಳಿಯುವುದು, ರಕ್ತ ಕಪ್ಪಾಗಿ ಅಥವಾ ಮಲದೊಡನೆ ಬೆರೆತು ಬರುವುದು, ರಕ್ತಹೀನತೆ, ಮನೆತನದಲ್ಲಿ ಯಾರಿಗಾದರೂ ಆ ರೋಗವಿದ್ದಿರುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ನಡುವಯಸ್ಸು ದಾಟಿದವರಂತೂ ರಕ್ತ ಕಂಡೊಡನೆಯೇ ಪರೀಕ್ಷೆ ಮಾಡಿಸಬೇಕು. ನಾಚಿಕೆಯಿಂದ “ಉಷ್ಣ” ಎಂದು ಹೆಸರಿಟ್ಟು ಮುಚ್ಚಿಡುವಾಗ ನಾವು ಮುಚ್ಚಿಡುತ್ತಿರುವುದು ಏನನ್ನೆಂಬುದು ನಮಗೇ ತಿಳಿದಿರುವುದಿಲ್ಲ.

ಈ ನಾಚಿಕೆ ನಮ್ಮ ಹಳ್ಳಿಗರದಷ್ಟೇ ಅಲ್ಲ. ಆಫ್ರಿಕಾ ಖಂಡವನ್ನು ನಡೆದೇ ಸುತ್ತಿದ ಡೇವಿಡ್ ಲಿವಿಂಗ್‌ಸ್ಟನ್ ಸ್ವತಃ ವೈದ್ಯನಾಗಿದ್ದನು. ಅವನಿಗೂ ಈ ವ್ಯಾಧಿಯಿತ್ತು. ಎಡಿನ್‌ಬರೋದ ಪ್ರಸಿದ್ಧ ಶಸ್ತ್ರವೈದ್ಯ ಸೈಮ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳೆಂದರೂ ಅವನು ಒಪ್ಪಲಿಲ್ಲ. ತನ್ನ ದೇಹದ ಕುಂದು ಪತ್ರಿಕೆಗಳಲ್ಲಿ ಸುದ್ದಿಯಾದೀತೆಂಬ ಸಂಕೋಚವೂ ಅದಕ್ಕೊಂದು ಕಾರಣವಂತೆ. 1873ರಲ್ಲಿ ಆಫ್ರಿಕಾದ ಗುಡಿಸಲೊಂದರಲ್ಲಿ ಜ್ವರದಿಂದಲೂ ರಕ್ತಸ್ರಾವದಿಂದಲೂ ಬಳಲಿ ಅವನು ತೀರಿಕೊಂಡನು. ಸಿಂಹಕ್ಕೆ ಅಂಜದವನು ಪತ್ರಿಕೆಯ ನಾಲ್ಕು ಸಾಲಿಗೆ ಅಂಜಿದನು!

ಕೊನೆಗೆ ನಮ್ಮ ದೊಡ್ಡಪ್ಪನ ಕಥೆ. ಪುರುಷರಲ್ಲಿ 13 ಗ್ರಾಮಾದರೂ ಇರಬೇಕಾದ ಹಿಮೋಗ್ಲೋಬಿನ್ ಅವರಲ್ಲಿ 7ಕ್ಕೆ ಇಳಿದಿತ್ತು. ವಯಸ್ಸು ಐವತ್ತು ದಾಟಿದ್ದರಿಂದ ವೈದ್ಯರು ನಳಿಕೆಯ ಮೂಲಕ ದೊಡ್ಡ ಕರುಳನ್ನು ಪೂರ್ತಿ ಪರೀಕ್ಷಿಸಿದರು. ಆ ವರದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ದೇವರ ದಯೆ, ಎರಡನೆಯ ಹಂತದ ಮೂಲವ್ಯಾಧಿಯಲ್ಲದೆ ಬೇರೇನೂ ಇರಲಿಲ್ಲ. ಉಂಗುರ ತೊಡಿಸಲು ಹಿಡಿದದ್ದು ಹತ್ತು ನಿಮಿಷ. ಕಬ್ಬಿಣಾಂಶದ ಮಾತ್ರೆಗಳನ್ನು ಕೆಲವು ತಿಂಗಳು ನುಂಗಿದರು. ಮರುವರ್ಷದ ಸುಗ್ಗಿಗೆ ಹೊರೆ ಹೊತ್ತರು.

ಅವರೀಗ ಊರಿನ ಜಗಲಿಯಲ್ಲಿ ಯಾರಾದರೂ “ಉಷ್ಣ” ಎಂದರೆ ಸಾಕು, “ಉಷ್ಣ ಅಲ್ಲ ಕಣಪ್ಪ, ನಾಚ್ಕೆ! ನಡಿ, ಡಾಕ್ಟ್ರತ್ರ ಹೋಗು” ಎನ್ನುತ್ತಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರುವಂತಾಗಬಾರದು. ಈ ಪುಟಗಳನ್ನು ಓದಿ ಒಬ್ಬ ಮಿತ್ರನಾದರೂ ರಜೆಯಲ್ಲಿ ಊರಿಗೆ ಹೋದಾಗ ತನ್ನ ತಂದೆಯನ್ನೋ ತಾಯಿಯನ್ನೋ ಹತ್ತಿರ ಕೂರಿಸಿಕೊಂಡು ವಿಚಾರಿಸಿದರೆ ನನ್ನ ಶ್ರಮ ಸಾರ್ಥಕ.