ಅಡಿಕೆ ಹಂಡೆಗೆ ಎಷ್ಟು ಸೌದೆ?

ನೂರು ಲೀಟರ್ ನೀರನ್ನು ಕುದಿಸಲು ಬೇಕಾದ ಶಾಖ ಎರಡು ಕೆಜಿ ಒಣ ಸೌದೆಯಲ್ಲಿದೆ. ಮೂರು ಕಲ್ಲಿನ ಒಲೆ ಹೂಡಿದರೆ ಅದೇ ಕೆಲಸಕ್ಕೆ ಸುಮಾರು 20 ಕೆಜಿ ಬೇಕು. ಉಳಿದ 18 ಕೆಜಿ ಎಲ್ಲಿ ಹೋಯಿತು? ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸಲು ದಿನವೂ ಹಂಡೆ ಏರಿಸುವ ಶಿಕಾರಿಪುರ, ಸೊರಬದ ಅಡಿಕೆ ಬೆಳೆಗಾರರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕುದಿಯುವ ತನಕ

ಒಂದು ಕೆಜಿ ನೀರಿನ ಬಿಸಿ ಒಂದು ಡಿಗ್ರಿ ಏರಲು 4.186 ಕಿಲೋಜೂಲ್ ಶಾಖ ಬೇಕು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. 25ರಿಂದ 98 ಡಿಗ್ರಿಗೆ 100 ಲೀಟರ್ ಏರಿಸಲು 30.6 ಮೆಗಾಜೂಲ್, ಅಂದರೆ 8.5 ಯೂನಿಟ್ ವಿದ್ಯುತ್ತಿನಷ್ಟು ಶಾಖ. ಇದು ನೀರಿನ ಲೆಕ್ಕ ಮಾತ್ರ, ಒಳಗಿನ ಅಡಿಕೆಯದ್ದು ಬೇರೆ.

ಒಣ ಸೌದೆ ಕೆಜಿಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಕೆಜಿಗೆ 5 ರೂಪಾಯಿ ಎಂದು ಇಟ್ಟುಕೊಂಡರೆ ಒಂದು ಹಂಡೆಯ ಖರ್ಚು ಹೀಗೆ:

- ಮೂರು ಕಲ್ಲಿನ ಒಲೆ (ಶೇ. 10 ದಕ್ಷತೆ): 20.4 ಕೆಜಿ, 102 ರೂ.
- ಸುಧಾರಿತ ಒಲೆ (ಶೇ. 30 ದಕ್ಷತೆ): 6.8 ಕೆಜಿ, 34 ರೂ.

ಹಂಗಾಮಿನಲ್ಲಿ 40 ಹಂಡೆ ಬೇಯಿಸಿದರೆ ಉಳಿತಾಯ 544 ಕೆಜಿ ಸೌದೆ, 2,720 ರೂಪಾಯಿ. ನಿಮ್ಮೂರಿನ ದರ ಹಾಕಿ ಲೆಕ್ಕ ತಿದ್ದಿಕೊಳ್ಳಬಹುದು.

ತಾಮ್ರವೋ ಸ್ಟೀಲೋ?

ತಾಮ್ರದ ಹಂಡೆಯಲ್ಲಿ ಬೇಗ ಬೇಯುತ್ತದೆ ಎಂಬ ಮಾತಿದೆ. ಶಾಖ ಸಾಗಿಸುವುದರಲ್ಲಿ ತಾಮ್ರದ ಅಂಕ ಸುಮಾರು 400, ಸ್ಟೀಲಿನದು 16. ಅಂತರ 25 ಪಟ್ಟು. ಆದರೆ ತಳದ ದಪ್ಪ ಎರಡೇ ಮಿಲಿಮೀಟರ್ ಇರುವಾಗ ಶಾಖಕ್ಕೆ ಲೋಹ ಒಡ್ಡುವ ತಡೆ ಎರಡರಲ್ಲೂ ಅತ್ಯಲ್ಪ. ದೊಡ್ಡ ತಡೆ ಇರುವುದು ತಳಕ್ಕೆ ತಾಗಿಕೊಂಡ ಬಿಸಿಗಾಳಿಯ ಪದರದಲ್ಲಿ, ಆಮೇಲೆ ಮಸಿಯಲ್ಲಿ. ಮಸಿಯ ಅಂಕ ಸುಮಾರು 0.1. ಒಂದು ಮಿಲಿಮೀಟರ್ ಮಸಿ 16 ಸೆಂಟಿಮೀಟರ್ ದಪ್ಪದ ಸ್ಟೀಲಿನಷ್ಟು ಶಾಖ ತಡೆಯುತ್ತದೆ. ತೆಳುವಾದ ಕಪ್ಪು ಪದರ ಕೆಂಡದ ಕಾವನ್ನು ಚೆನ್ನಾಗಿ ಹೀರುತ್ತದೆ, ಅದರಿಂದ ತೊಂದರೆಯಿಲ್ಲ. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುವ ಮಸಿಯನ್ನು ಮಾತ್ರ ಉಳಿಸಬಾರದು.

ಕುದಿ ಬಂದ ಮೇಲೆ

ಕುದಿ ಬಂದ ಮೇಲೆ ಎಷ್ಟು ಉರಿ ಹಾಕಿದರೂ ಚೊಗರಿನ (ಅಡಿಕೆ ಬೇಯುವ ನೀರಿನ) ಬಿಸಿ ಹೆಚ್ಚು ಏರುವುದಿಲ್ಲ, ಹಬೆ ಮಾತ್ರ ಹೆಚ್ಚುತ್ತದೆ. ಒಂದು ಕೆಜಿ ನೀರು ಹಬೆಯಾಗಲು 2.26 ಮೆಗಾಜೂಲ್ ಬೇಕು. ಹತ್ತು ಲೀಟರ್ ಆವಿಯಾದರೆ 22.6 ಮೆಗಾಜೂಲ್ ಹೋಯಿತು, ಇಡೀ ಹಂಡೆಯನ್ನು ಕುದಿಗೆ ತಂದ ಶಾಖದ ಮುಕ್ಕಾಲು ಪಾಲು. ಮೂರು ಕಲ್ಲಿನ ಒಲೆಗೆ ಅದು 15 ಕೆಜಿ ಸೌದೆ. ಚೊಗರನ್ನು ಗಟ್ಟಿಯಾಗಿಸಬೇಕಾದಾಗ ಬಿಟ್ಟರೆ ಮುಚ್ಚಳ ಹಾಕಿ ಉರಿ ಕಡಿಮೆ ಮಾಡುವುದೇ ಲಾಭ.

ಹಸಿ ಸೌದೆಯ ನಷ್ಟ

ಅರ್ಧ ನೀರೇ ಇರುವ ಹಸಿ ಸೌದೆ ಮೊದಲು ತನ್ನ ನೀರನ್ನು ತಾನೇ ಕಾಯಿಸಿ ಓಡಿಸಬೇಕು. ಕೆಜಿಗೆ ಕೈಗೆ ಸಿಗುವುದು ಎಂಟು ಮೆಗಾಜೂಲಿಗೂ ಕಡಿಮೆ, ಒಣ ಸೌದೆಯ ಅರ್ಧ. ಮಳೆಗೆ ಮುಂಚೆ ಸೀಳಿ, ಸೂರಿನಡಿ ಒಟ್ಟಿಟ್ಟ ಸೌದೆ ಯಾವ ಖರ್ಚೂ ಇಲ್ಲದೆ, ಕೆಜಿಗೆ ಕೆಜಿ ಹೋಲಿಸಿದರೆ, ಹಸಿಯದರ ದುಪ್ಪಟ್ಟು ಕೆಲಸ ಮಾಡುತ್ತದೆ.

ಬಿಸಿಲಿನ ಪಾಲು

ಬೆಂದ ಅಡಿಕೆ ಒಣಗಲು ಅದರಿಂದ 20 ಕೆಜಿ ನೀರು ಹೋಗಬೇಕೆಂದರೆ ಸುಮಾರು 48 ಮೆಗಾಜೂಲ್ ಬೇಕು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ಅಟ್ಟದ ಮೇಲೆ ಸುಮಾರು 18 ಮೆಗಾಜೂಲ್ ಬೀಳುತ್ತದೆ, ಅದರಲ್ಲಿ ಅರ್ಧ ಬಳಕೆಯಾದರೂ ದೊಡ್ಡದು. ಮೋಡ ಕವಿದು ಡ್ರೈಯರ್ ಹಚ್ಚಿದರೆ, ಶೇ. 20 ದಕ್ಷತೆಯಲ್ಲಿ, ಅದಕ್ಕೇ 16 ಕೆಜಿ ಸೌದೆ.

ಹಣ ಎಲ್ಲಿ ಹಾಕಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒಲೆಯ ಗುಟ್ಟು ಇಷ್ಟೇ: ಉರಿ ಸುತ್ತಲೂ ಮುಚ್ಚಿದ ಗೂಡು, ಕೆಳಗಿನಿಂದ ಗಾಳಿ ಬರುವ ಕಬ್ಬಿಣದ ಜಾಲರಿ, ಪಾತ್ರೆಗೆ ಶಾಖ ಕೊಟ್ಟ ಮೇಲೆಯೇ ಹೊಗೆ ಹೊರಹೋಗುವ ಚಿಮಣಿ. ಅಡಿಕೆ ಒಲೆಗೂ ಇದೇ ಸೂತ್ರ ಸಲ್ಲುತ್ತದೆ. ಹೊಸ ತಾಮ್ರದ ಹಂಡೆ ಕೊಳ್ಳುವ ಮುಂಚೆ ಒಲೆ ಕಟ್ಟಿಸಿ, ಮುಚ್ಚಳ ಮಾಡಿಸಿ, ಸೌದೆ ಒಣಗಿಸಿ. ಸೌದೆಯ ಖರ್ಚನ್ನು ನಿರ್ಧರಿಸುವುದು ಈ ಮೂರೇ.