ಯುದ್ಧದ ಬಳಿಕ ಎದ್ದು ನಿಂತ ಸೂಡಿ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಪೊಂಪೆಯಿ ಎಂಬ ರೋಮನ್ ಪಟ್ಟಣವನ್ನು ಬೂದಿಯಲ್ಲಿ ಹೂಳಿತು. 1748ರಲ್ಲಿ ಅಲ್ಲಿ ಅಗೆತ ಶುರುವಾಯಿತು. ಇಂದು ಅದನ್ನು ನೋಡಲು ಜಗತ್ತೇ ಇಟಲಿಗೆ ಹೋಗುತ್ತದೆ. ಆದರೆ ಹಳೆಯ ಪಟ್ಟಣದ ಕಥೆ ತಿಳಿಯಲು ಗದಗ ಜಿಲ್ಲೆಯ ಯಾವಗಲ್‌ ಊರಿನವರು ಅಷ್ಟು ದೂರ ಹೋಗಬೇಕಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟು, ಎರಿ ಹೊಲಗಳ ನಡುವೆ ರೋಣ ದಾಟಿ ಗಜೇಂದ್ರಗಡದ ಕಡೆ ಸಾಗಿದರೆ ಸೂಡಿ ಸಿಗುತ್ತದೆ. ಸಂಜೆಗೆ ಮನೆ ಸೇರಬಹುದು.

ಹನ್ನೊಂದನೆಯ ಶತಮಾನದಲ್ಲಿ ಸೂಡಿ 'ಕಿಸುಕಾಡು ಎಪ್ಪತ್ತು' ಎಂಬ ನಾಡಿನ ರಾಜಧಾನಿ. ಅದನ್ನು ಆಳಿದವಳು ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ. 'ಗುಣದಬೆಡಂಗಿ' ಎಂಬ ಬಿರುದಿನ ಈಕೆ 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ವೀರೆ. ಲಕ್ಕುಂಡಿಯಂತೆ ಸೂಡಿಯಲ್ಲೂ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು.

ಆ ವೈಭವಕ್ಕೆ ಪೆಟ್ಟು ಕೊಟ್ಟದ್ದು ಚೋಳರೊಡನೆ ನಡೆದ ಯುದ್ಧ. ಊರಿನ ವ್ಯಾಪಾರ ವ್ಯವಸ್ಥೆ ಕುಸಿಯಿತು. ಆಗ ಅಕ್ಕಾದೇವಿ ಮಾಡಿದ ಕೆಲಸವನ್ನು ಶಾಸನವೊಂದು ಹೇಳುತ್ತದೆ: ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳ ಸಂಘಕ್ಕೆ ಹಳೆಯ ಕಟ್ಟಳೆಯನ್ನು ಹೊಸದಾಗಿ ಬರೆಯಿಸಿಕೊಟ್ಟಳು. ಊರನ್ನು ಮತ್ತೆ ಕಟ್ಟಲು ಗೋಡೆಗಿಂತ ಮೊದಲು ಜನರ ಹಕ್ಕು ಬೇಕು ಎಂಬುದನ್ನು ಆಕೆ ಬಲ್ಲವಳಾಗಿದ್ದಳು. ಸೂಡಿಯ ಶಾಸನಗಳನ್ನು ವಿದ್ವಾಂಸ ಲಯನೆಲ್ ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದ 15ನೇ ಸಂಪುಟದಲ್ಲಿ ಪ್ರಕಟಿಸಿದ.

ಕಲ್ಲಿನ ಕೆಲಸ ಅದರ ಬೆನ್ನಿಗೇ ಬಂತು. ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಕಾಲದಲ್ಲಿ, 1060ರ ಹೊತ್ತಿಗೆ ಮಹಾಸಾಮಂತ ನಾಗದೇವ ನಾಗೇಶ್ವರ ಗುಡಿ ಕಟ್ಟಿಸಿದ. ಜೋಡುಕಳಸದ ಗುಡಿಯೆಂದು ಜನ ಕರೆಯುವ ಇದರಲ್ಲಿ ಎರಡು ಗರ್ಭಗುಡಿಗಳು ಒಂದೇ ಮಂಟಪದ ಆಚೀಚೆ ಎದುರುಬದುರಾಗಿವೆ, ಎರಡಕ್ಕೂ ಶಿಖರವಿದೆ. ಹತ್ತಿರದ ನಾಗಕುಂಡದ ಗೋಡೆಗಳಲ್ಲಿ ನುಣುಪಾದ ಕೆತ್ತನೆ, ನೀರಿಗೆ ಇಳಿಯಲು ಮೆಟ್ಟಿಲು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರಿನ ಹೊಂಡಕ್ಕೆ ಗುಡಿಯಷ್ಟೇ ಕಲೆಯನ್ನು ಸುರಿದಿದ್ದಾರೆ.

ಪೊಂಪೆಯಿ ಒಂದೇ ದುರಂತದಲ್ಲಿ ಕೊನೆಗೊಂಡಿತು. ಸೂಡಿ ಯುದ್ಧದ ಬಳಿಕ ಬದುಕಿತು, ಇಂದಿಗೂ ಜನರಿರುವ ಊರು. ಹೊಂಡದ ಹೂಳು, ಗೋಡೆಗಳ ಸಂದಿನಲ್ಲಿ ಬೇರಿಳಿಸುವ ಗಿಡ, ಮಳೆಬಿಸಿಲಿಗೆ ಸವೆಯುವ ಶಾಸನಗಳ ಅಕ್ಷರ ಇವೇ ಅದಕ್ಕೆ ಈಗಿನ ಅಪಾಯ. ಸುತ್ತಲಿನ ಶಾಲೆಗಳ ಪ್ರವಾಸ ಬಾದಾಮಿ, ಹಂಪಿಗೆ ಹೋಗಲಿ, ಆದರೆ ಮೊದಲು ಸೂಡಿಗೆ ಬರಲಿ. ಅಕ್ಕಾದೇವಿಯ ಕಟ್ಟಳೆಯನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕವೊಂದು ಗುಡಿಯ ಮುಂದೆ ನಿಂತರೆ, ತಮ್ಮ ಹಿರಿಯರು ಊರು ಕಟ್ಟಿದ ಬಗೆಯನ್ನು ಮಕ್ಕಳು ತಾವೇ ಓದಿ ತಿಳಿಯುತ್ತಾರೆ.