ಮೋಟಾರು ಕಾರಿನ ಬಣ್ಣವೂ ಹೊಳಪೂ

ಹೊಸ ಮೋಟಾರು ಕಾರೊಂದು ಎದುರಿಗೆ ಬಂದು ನಿಂತರೆ ನಮ್ಮ ದೃಷ್ಟಿ ಮೊದಲು ಹೋಗುವುದು ಅದರ ಮೈಬಣ್ಣದ ಕಡೆಗೆ. ಯಂತ್ರದ ಬಲಾಬಲವನ್ನು ಆಮೇಲೆ ವಿಚಾರಿಸುತ್ತೇವೆ. ಆದರೆ ನಾವು ಮೆಚ್ಚಿ ನೋಡುವ ಆ ಹೊಳಪು ಇಂದಿನ ಬಹುಪಾಲು ಕಾರುಗಳಲ್ಲಿ ಬಣ್ಣದಿಂದ ಬಂದುದಲ್ಲ. ಬಣ್ಣದ ಮೇಲೆ ಗಾಜಿನಂತೆ ತಿಳಿಯಾದ ಒಂದು ಪೊರೆಯುಂಟು, ಹೊಳಪು ಅದರದು. ಕ್ಲಿಯರ್ ಕೋಟ್ ಎಂದು ಅದಕ್ಕೆ ಹೆಸರು. ಅದು ಕಾರಿನ ಮೈಮೇಲೆ ಹೇಗೆ ಬಂದು ಸೇರಿತು, ಅದಕ್ಕಾಗಿ ಯಾರು ಯಾವ ಬೆಲೆಯನ್ನು ತೆರುತ್ತಿದ್ದಾರೆ ಎಂಬುದನ್ನು ಈಗ ಸ್ವಲ್ಪ ವಿಚಾರ ಮಾಡೋಣ.

ಮೊದಮೊದಲಿನ ಮೋಟಾರು ಕಾರು ಕುದುರೆಯಿಲ್ಲದ ಸಾರೋಟೇ ಆಗಿದ್ದಿತು. ಆದುದರಿಂದ ಅದಕ್ಕೆ ಬಣ್ಣ ಹಾಕುವ ವಿದ್ಯೆಯೂ ಸಾರೋಟಿನ ಕೆಲಸಗಾರರಿಂದಲೇ ಬಂದಿತು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಕುಂಚದಿಂದ ಬಳಿಯುವರು. ಒಣಗಿದ ಮೇಲೆ ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜಿ ನಯಮಾಡುವರು. ಮತ್ತೆ ಬಳಿಯುವರು, ಮತ್ತೆ ಉಜ್ಜುವರು. ಕಟ್ಟಕಡೆಗೆ ವಾರ್ನಿಷು ಹಚ್ಚುವರು. ಎಣ್ಣೆ ಒಣಗುವ ರೀತಿ ನೀರು ಆರುವಂತಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಹೀಗಾಗಿ ಒಂದು ಕಾರಿನ ಬಣ್ಣದ ಕೆಲಸ ಮುಗಿಯುವುದಕ್ಕೆ ಹಲವು ವಾರಗಳೇ ಬೇಕಾಗುತ್ತಿದ್ದುವು. ಇಷ್ಟು ಶ್ರಮಪಟ್ಟರೂ ಬಿಸಿಲಿನಲ್ಲಿ ಆ ವಾರ್ನಿಷು ಹಳದಿಗೆ ತಿರುಗಿ ಬಿರುಕು ಬಿಡುತ್ತಿದ್ದಿತು.

ಅಮೆರಿಕದಲ್ಲಿ ಹೆನ್ರಿ ಫೋರ್ಡನು 1913ರಲ್ಲಿ ಚಲಿಸುವ ಸಾಲಿನ ಮೇಲೆ ಕಾರುಗಳನ್ನು ಜೋಡಿಸುವ ಕ್ರಮವನ್ನು ತಂದಾಗ ಈ ನಿಧಾನವು ದೊಡ್ಡ ತೊಡಕಾಯಿತು. ಯಂತ್ರಭಾಗಗಳು ಗಂಟೆಗಳಲ್ಲಿ ಕೂಡಿಕೊಳ್ಳುವಾಗ ಬಣ್ಣಕ್ಕಾಗಿ ವಾರಗಟ್ಟಲೆ ಕಾಯುವುದು ಹೇಗೆ? ಆತನ ಮಾಡೆಲ್ ಟೀ ಕಾರು 1908ರಲ್ಲಿ ಹೊರಬಂದಾಗ ಕೆಂಪು, ಹಸಿರು, ಬೂದು ಮೊದಲಾದ ಬಣ್ಣಗಳಲ್ಲಿ ದೊರೆಯುತ್ತಿದ್ದಿತು. 1914ರಿಂದ 1925ರವರೆಗೆ ಅದಕ್ಕೆ ಕಪ್ಪೊಂದೇ ಗತಿಯಾಯಿತು. ಆಗ ಬಳಸುತ್ತಿದ್ದ ಕಪ್ಪು ಎನಾಮೆಲಿನಲ್ಲಿ ಡಾಂಬರಿನ ಜಾತಿಯ ಆಸ್ಫಾಲ್ಟು ಸೇರಿರುತ್ತಿದ್ದಿತು. ಅದು ಅಗ್ಗ, ಬಾಳಿಕೆಯುಳ್ಳದ್ದು, ಒಲೆಯ ಶಾಖದಲ್ಲಿ ಬೇಯಿಸಿ ಗಟ್ಟಿಮಾಡಬಹುದಾದದ್ದು. ಆದರೆ ಆಸ್ಫಾಲ್ಟಿನ ಹುಟ್ಟುಬಣ್ಣವೇ ಕಪ್ಪಾದುದರಿಂದ ಅದರಲ್ಲಿ ಬೇರೆ ಬಣ್ಣವನ್ನು ತೋರಿಸುವಂತಿರಲಿಲ್ಲ.

ಈ ಕಟ್ಟಿನಿಂದ ಬಿಡುಗಡೆ ದೊರೆತದ್ದು ವಿಚಿತ್ರವಾದ ಒಂದು ಮೂಲದಿಂದ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿದರೆ ಅದು ಸಿಡಿಮದ್ದಾಗುವುದೆಂದು 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನು ತೋರಿಸಿಕೊಟ್ಟಿದ್ದನು. ಈ ನೈಟ್ರೋಸೆಲ್ಯುಲೋಸನ್ನು ದ್ರಾವಕದಲ್ಲಿ ಕರಗಿಸಿ ಲ್ಯಾಕರ್ ಮಾಡಬಹುದಾಗಿದ್ದರೂ, ಆ ದ್ರಾವಣವು ಬಹು ಮಂದವಾಗಿ, ಸಾಕಷ್ಟು ಬಣ್ಣದ ಪುಡಿಯನ್ನು ಹೊರಲಾರದೆ ಇದ್ದಿತು. ಮದ್ದಿನ ತಯಾರಿಕೆಯಲ್ಲಿ ಹೆಸರಾದ ಡೂಪಾಂಟ್ ಸಂಸ್ಥೆಯವರು 1920ರ ಸುಮಾರಿಗೆ ಅದನ್ನು ತೆಳುವಾಗಿಸುವ ಉಪಾಯವನ್ನು ಕಂಡುಕೊಂಡರು. ಜನರಲ್ ಮೋಟಾರ್ಸ್ ಸಂಸ್ಥೆಯೊಡನೆ ಕೂಡಿ ಇದನ್ನು ತಿದ್ದಿ ಡ್ಯೂಕೋ ಎಂಬ ಹೆಸರಿನಿಂದ ಬಳಕೆಗೆ ತಂದರು. 1924ನೆಯ ಮಾದರಿಯ ಓಕ್‌ಲೆಂಡ್ ಕಾರು ಅದರ ನೀಲಿ ಬಣ್ಣವನ್ನು ಧರಿಸಿ ಬಂದಿತು. ಇಲ್ಲಿ ಎಣ್ಣೆ ಹೆಣೆದುಕೊಳ್ಳುವವರೆಗೆ ಕಾಯಬೇಕಾಗಿಲ್ಲ; ದ್ರಾವಕವು ಆವಿಯಾಗಿ ಹೋದರೆ ಸಾಕು. ಕುಂಚದ ಸ್ಥಾನಕ್ಕೆ ಗಾಳಿಯ ಒತ್ತಡದಿಂದ ಸಿಂಪಡಿಸುವ ಪಿಸ್ತೂಲು ಬಂದಿತು. ವಾರಗಳು ಗಂಟೆಗಳಾದುವು, ಬಣ್ಣಗಳು ಮರಳಿ ಬಂದುವು.

ಇದರ ಹೆಸರಿನಲ್ಲಿ ನಮಗೆ ಸಂತೋಷ ಕೊಡುವ ಒಂದು ಸಂಗತಿಯುಂಟು. ಲ್ಯಾಕರ್ ಎಂಬ ಮಾತು ಸಂಸ್ಕೃತದ ಲಾಕ್ಷಾ ಶಬ್ದದಿಂದ, ಹಲವು ದೇಶಗಳನ್ನು ಸುತ್ತಿ ಇಂಗ್ಲಿಷಿಗೆ ಹೋದುದು. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ ಅರಗೇ ಆ ಲಾಕ್ಷಾ. ಡ್ಯೂಕೋ ಬಣ್ಣದಲ್ಲಿ ಅರಗಿರಲಿಲ್ಲ. ಹೆಸರು ಮಾತ್ರ ಉಳಿದುಕೊಂಡಿತು.

ನೈಟ್ರೋಸೆಲ್ಯುಲೋಸಿನ ಲ್ಯಾಕರ್ ಬಿಸಿಲಿಗೆ ಮಂಕಾಗುತ್ತಿದ್ದಿತು. ಅದರ ಬದಲಿಗೆ 1930ರ ದಶಕದಲ್ಲಿ ಆಲ್ಕಿಡ್ ಎನಾಮೆಲುಗಳೂ, 1950ರ ದಶಕದಲ್ಲಿ ಅಕ್ರಿಲಿಕ್ ಲ್ಯಾಕರುಗಳೂ ಬಂದುವು. ಇದೇ ಕಾಲದಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಹಲ್ಲೆಗಳನ್ನು ಬೆರೆಸಿ ಲೋಹದಂತೆ ಮಿನುಗುವ ಬಣ್ಣಗಳಿಗೂ ಜನರ ಒಲವು ಹೆಚ್ಚಿತು. ಆದರೆ ಹಲ್ಲೆಗಳು ಮೇಲ್ಮೈಗೆ ಹತ್ತಿರವಿದ್ದರೆ ಗಾಳಿಮಳೆಗೆ ಕಪ್ಪಾಗುವುವು. ಆಳದಲ್ಲಿ ಹುದುಗಿದರೆ ಮಿನುಗು ಮಾಯವಾಗುವುದು. ಒಂದೇ ಪದರವು ಅಂದವನ್ನೂ ರಕ್ಷಣೆಯನ್ನೂ ಎರಡನ್ನೂ ನಡೆಸಲಾರದಾಯಿತು. ಆಗ ಆ ಕೆಲಸವನ್ನು ಎರಡು ಪಾಲು ಮಾಡಿದರು. ಬಣ್ಣವೂ ಮಿನುಗೂ ಕೆಳಗಿನ ತೆಳು ಪದರಕ್ಕೆ. ಬಿಸಿಲು, ಮಳೆ, ಉಜ್ಜುವಿಕೆಗಳನ್ನು ತಾಳುವ ಕೆಲಸ ಮೇಲಿನ ತಿಳಿಪೊರೆಗೆ. ಈ ಕ್ರಮ 1970ರ ದಶಕದಲ್ಲಿ ಯೂರೋಪಿನಲ್ಲಿ ಹಬ್ಬಿ, 1980ರ ದಶಕದಲ್ಲಿ ಅಮೆರಿಕದಲ್ಲಿಯೂ ನೆಲೆಯೂರಿತು. ಬಣ್ಣದ ಮೇಲೆ ವಾರ್ನಿಷು ಹಚ್ಚುತ್ತಿದ್ದ ಸಾರೋಟಿನವನ ಬುದ್ಧಿಯೇ ಬೇರೆ ದ್ರವ್ಯದಲ್ಲಿ ಮರಳಿ ಬಂದಿತೆನ್ನಬಹುದು.

ಕಾರಿನ ಉಕ್ಕನ್ನು ತುಕ್ಕಿನಿಂದ ಕಾಯಲು ಮೊದಲು ವಿದ್ಯುತ್ತಿನ ನೆರವಿನಿಂದ ಒಂದು ತಳಪದರವನ್ನು ಹಿಡಿಸುತ್ತಾರೆ. ಇದು 1960ರ ದಶಕದಲ್ಲಿ ಬಳಕೆಗೆ ಬಂದ ಕ್ರಮ. ಅದರ ಮೇಲೆ ಸಾಮಾನ್ಯವಾಗಿ ಒಂದು ಪ್ರೈಮರು, ಬಣ್ಣ, ತಿಳಿಪೊರೆ. ಬಣ್ಣದ ಪದರ ಸುಮಾರು 15 ಮೈಕ್ರಾನು, ತಿಳಿಪೊರೆ ಸುಮಾರು 40 ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಿಳಿಪೊರೆಯಲ್ಲಿ ನೇರಳಾತೀತ ಕಿರಣಗಳನ್ನು ಹೀರುವ ದ್ರವ್ಯವನ್ನು ಬೆರೆಸಿರುತ್ತಾರೆ. ಕೂದಲೆಳೆಗಿಂತ ದಪ್ಪವಲ್ಲದ ಈ ಪೊರೆಯೇ ಕಾರಿನ ಕೊಡೆ. ಪ್ರತಿದಿನ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳನ್ನು ಉಜ್ಜಿ ತೆಗೆಯುವ ನಮ್ಮ ಅಭ್ಯಾಸವು ಈ ಕೊಡೆಯನ್ನು ಮರಳಿನಿಂದ ಗೀಚಿದಂತೆ. ಮೊದಲು ನೀರು ಸುರಿದು ಧೂಳನ್ನು ಹರಿಯಬಿಡುವುದು ಲೇಸು. ಹಕ್ಕಿಯ ಹಿಕ್ಕೆಯನ್ನು ಬಿಸಿಲೇರುವ ಮುನ್ನ ತೊಳೆಯಬೇಕು.

ಇನ್ನು ಬೆಲೆಯ ಮಾತು. ಲ್ಯಾಕರಿನಿಂದ ಆವಿಯಾಗಿ ಹೋದ ದ್ರಾವಕವು ಊರಿನ ಗಾಳಿಯನ್ನೇ ಸೇರುತ್ತಿದ್ದಿತು; ಆ ಕಾರಣದಿಂದ ಅನೇಕ ದೇಶಗಳ ಕಾರ್ಖಾನೆಗಳು ಬಣ್ಣದ ಪದರಕ್ಕೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಿಡಿದಿವೆ. ಆದರೆ ರಿಪೇರಿಯ ಅಂಗಡಿಯ ಕಷ್ಟವೇ ಬೇರೆ. ಕಾರ್ಖಾನೆಯಲ್ಲಿ ಬರಿಯ ಉಕ್ಕಿನ ಮೈಯನ್ನು ಸುಮಾರು 140 ಡಿಗ್ರಿ ಸೆಂಟಿಗ್ರೇಡ್ ಶಾಖದ ಒಲೆಯಲ್ಲಿ ಬೇಯಿಸಬಹುದು; ಟೈರು, ತಂತಿ, ಆಸನಗಳಿಂದ ಕೂಡಿದ ಕಾರನ್ನು ಹಾಗೆ ಬೇಯಿಸಲಾಗದು. ಆದುದರಿಂದ ಅಲ್ಲಿ ಐಸೊಸಯನೇಟ್ ಎಂಬ ಗಟ್ಟಿಕಾರಕವನ್ನು ಬೆರೆಸಿ ತಿಳಿಪೊರೆಯನ್ನು ಸಿಂಪಡಿಸುತ್ತಾರೆ. ಅದರ ತುಂತುರನ್ನು ಉಸಿರಾಡುವ ಕೆಲಸಗಾರರಿಗೆ ಉಬ್ಬಸ ಬರಬಹುದು. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಆಮೇಲೆ ಅತ್ಯಲ್ಪ ಅಂಶವೂ ಉಸಿರನ್ನು ಕಟ್ಟೀತು. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ಪ್ರತ್ಯೇಕವಾದ ಕೋಣೆ, ಕೊಳವೆಯಿಂದ ಶುದ್ಧವಾದ ಗಾಳಿಯನ್ನು ಒದಗಿಸುವ ಮುಖವಾಡ, ಇವು ಬೇಕು.

ಕಾರನ್ನು ಬಣ್ಣಕ್ಕೆ ಬಿಡುವಾಗ ಹೊಳಪು ಎಷ್ಟು ವರ್ಷ ಬಾಳುವುದೆಂದು ನಾವು ತಪ್ಪದೆ ಕೇಳುತ್ತೇವೆ. ಸಿಂಪಡಿಸುವವನಿಗೆ ಅಂಥ ಮುಖವಾಡ ಉಂಟೆ ಎಂದು ಕೇಳುವುದೂ ನಮ್ಮ ಕರ್ತವ್ಯ. ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರು ಒದಗಿಸಿಯಾರು. ಕಾರಿನ ಮೈಯನ್ನು ಕಾಯಲು ಇಷ್ಟು ಜಾಣ್ಮೆಯನ್ನು ವ್ಯಯಮಾಡಿದ ಮನುಷ್ಯನಿಗೆ, ಅದನ್ನು ಮೆರುಗಿಸುವವನ ಉಸಿರನ್ನು ಕಾಯುವುದು ಅಸಾಧ್ಯವಾದ ಕೆಲಸವೇನೂ ಅಲ್ಲ.